ನೀವು ಕೇಳಿದಿರಿ

ಪ್ರಶ್ನೆ: ಗಿರೀಶ್ ಕಾಸರವಳ್ಳಿಯವರ ಸಿನಿಮಾ ಅಂದ್ರೆ ನನಗೆ ಪ್ರಾಣ. ಉಡುಪಿ ಕಡೆ ಬಂದಾಗ ಎದುರಿಗೆ ಸಿಕ್ಕಿದರೆ ಏನು ಮಾತಾಡಲಿ? ಸುಮ್ನೆ ನಮಸ್ಕಾರ ಹೇಳಿ ಬರಲಾ?
– ಒಬ್ಬ ಓದುಗ, ಮಲ್ಪೆ

ಉತ್ತರ: ನಮಸ್ಕಾರ ಹೇಳಿ, ಆದರೆ ಅಷ್ಟಕ್ಕೇ ಬಿಡಬೇಡಿ. ಅವರ ಒಂದು ಸಿನಿಮಾದ ಒಂದು ವಿಷಯ ಹಿಡಿದು ಕೇಳಿ. ನೀವು ಮಲ್ಪೆಯವರು, 'ಗುಲಾಬಿ ಟಾಕೀಸು' ನಿಮ್ಮ ಕಡಲ ಬದಿಯದೇ ಕಥೆ, ಅದನ್ನೇ ಇನ್ನೊಮ್ಮೆ ನೋಡಿ ಹೋಗಿ. ಈ ಸಿನಿಮಾಕ್ಕೆ ಆಧಾರವಾದ ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. 2008ರ ಸಿನಿಮಾದಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಬರುವುದು ಟಿವಿ, ಜೊತೆಗೆ ಡಿಶ್. ಟಾಕೀಸು ಹೋಗಿ ಟಿವಿ ಯಾಕೆ ಬಂತು? ನಾನಾಗಿದ್ದರೆ ಇದನ್ನೇ ಕೇಳುತ್ತಿದ್ದೆ. ಆ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರ ಪ್ರಶಸ್ತಿ ಬಂದದ್ದು ನಿಮಗೆ ಗೊತ್ತೇ ಇದೆ, ಪ್ರಶಸ್ತಿಯ ಮಾತು ಜಾಸ್ತಿ ಬೇಡ.

ಹೀಗೆ ಹೇಳಲು ಕಾರಣ ಉಂಟು. ಕೆಲವು ವರ್ಷಗಳ ಹಿಂದೆ ಉಡುಪಿಯಲ್ಲಿ ನಾನು ತುಂಬಾ ಮೆಚ್ಚುವ ಬೇರೊಬ್ಬ ನಿರ್ದೇಶಕರ ಸಿನಿಮಾ ತೋರಿಸಿದರು, ಮುಗಿದ ಮೇಲೆ ಅವರೊಂದಿಗೆ ಮಾತುಕತೆ. ಎಲ್ಲರೂ ಹೊಗಳಿದರು. ಆಮೇಲೆ ಹಿಂದಿನ ಸಾಲಿನಿಂದ ಮೀನು ಮಾರುವ ಹೆಂಗಸೊಬ್ಬರು ಎದ್ದು, "ಸಾರ್, ಅವಳು ಸಂಜೆ ಬಂದು ಮೀನಿನ ಬುಟ್ಟಿ ತೊಳೆಯದೆ ಒಳಗೆ ಇಟ್ಟಳಲ್ಲ, ಹಾಗೆ ಇಡ್ಲಿಕ್ಕುಂಟಾ? ಮನೆಯಿಡೀ ವಾಸನೆ ಬರುದಿಲ್ವಾ?" ಅಂದರು. ಸಭೆಯಲ್ಲಿ ಕೆಲವರು ನಕ್ಕರು. ನಿರ್ದೇಶಕರು ನಗಲಿಲ್ಲ, ವೇದಿಕೆ ಇಳಿದು ಆ ಅಕ್ಕನ ಪಕ್ಕದ ಕುರ್ಚಿಯಲ್ಲೇ ಕೂತು ಬುಟ್ಟಿ ಎಲ್ಲಿ ತೊಳೆಯುತ್ತೀರಿ, ಮಳೆಗಾಲದಲ್ಲಿ ಹೇಗೆ ಒಣಗಿಸುತ್ತೀರಿ, ನೀವು ಬರುವಾಗ ಮನೆಯಲ್ಲಿ ಯಾರು ಇರುತ್ತಾರೆ ಎಂದು ಒಂದೊಂದೇ ಕೇಳಿ ಕೇಳಿ ಪುಸ್ತಕದಲ್ಲಿ ಬರೆದುಕೊಂಡರು. ಫೋಟೋಕ್ಕೆ ನಿಂತವರು ನಿಂತೇ ಇದ್ದರು. ಅವರ ಮೇಲಿನ ನನ್ನ ಗೌರವ ಅವತ್ತು ದುಪ್ಪಟ್ಟಾಯಿತು. ನಿಮ್ಮ ಸಿನಿಮಾವನ್ನು ಪೂರ್ತಿ ಕಣ್ಣಿಟ್ಟು ನೋಡಿದ್ದೇನೆ ಎಂದು ಗೊತ್ತಾಗುವ ಪ್ರಶ್ನೆ ಕೇಳಿದರೆ ಯಾವ ನಿರ್ದೇಶಕರಿಗೂ ಖುಷಿಯೇ ಅಲ್ವಾ? ತಪ್ಪು ಕಂಡರೂ ಮರ್ಯಾದೆಯಿಂದ ಹೇಳಿ, ಹೆದರಬೇಡಿ.

ಪ್ರಶ್ನೆ: ಕಾಸರವಳ್ಳಿಯವರು ನಮ್ಮ ಮಣಿಪಾಲದಲ್ಲಿ ಓದಿದವರು ಎನ್ನುತ್ತಾರೆ, ನಿಜವಾ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ನಿಜ. ತೀರ್ಥಹಳ್ಳಿ ಕಡೆಯ ಹುಡುಗ ಮಣಿಪಾಲದಲ್ಲಿ ಬಿ.ಫಾರ್ಮಾ ಓದಿದರು. ಆಮೇಲೆ ಔಷಧದ ಕೆಲಸ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1977ರಲ್ಲಿ ಬಂದ ಮೊದಲ ಸಿನಿಮಾ 'ಘಟಶ್ರಾದ್ಧ'ಕ್ಕೇ ಸ್ವರ್ಣಕಮಲ, ಅಂದರೆ ಅತ್ಯುತ್ತಮ ಚಿತ್ರದ ರಾಷ್ಟ್ರ ಪ್ರಶಸ್ತಿ ಬಂತು.