ಸಂಪಾದಕರ ಉತ್ತರ: ‘ಜರ್ಮನಿ’ ಎಂದರೆ ಯಾರು?

ಸಕಲೇಶಪುರದ ಕಾಫಿ ಬೆಳೆಗಾರರೊಬ್ಬರ ಪತ್ರ: “ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯಂಥ ಸರಕು ಬೇಡ ಎನ್ನುವ ಯುರೋಪಿನ ಅರಣ್ಯನಾಶ ತಡೆ ನಿಯಮದ ಪರ ಜರ್ಮನಿ ಇದೆ ಎಂದು ಒಮ್ಮೆ ಬರೆದಿರಿ. ಅದನ್ನು ಮುಂದೂಡಿ ಎಂದು ಜರ್ಮನಿ ಕೇಳುತ್ತಿದೆ ಎಂದು ಇನ್ನೊಮ್ಮೆ ಬರೆದಿರಿ. ಆ ನಿಯಮಕ್ಕೆಂದೇ ನಾನು ದುಡ್ಡು ಸುರಿದು ತೋಟದ ನಕ್ಷೆ ಮಾಡಿಸಿದ್ದೇನೆ. ನೆಲೆಯಿಲ್ಲದ ಮಾತು ಯಾರದ್ದು, ಅವರದ್ದೋ ನಿಮ್ಮದೋ?”

ಮಾನ್ಯರೇ,

ಎರಡೂ ಸುದ್ದಿ ನಿಜ. ನಾವು ಎಡವಿದ್ದು ‘ಜರ್ಮನಿ’ ಎಂಬ ಪದದಲ್ಲಿ.

ನಿಮ್ಮ ಪಹಣಿ ಕಂದಾಯ ಇಲಾಖೆಯಲ್ಲಿದೆ. ತೋಟದ ಮರ ಕಡಿಯಬೇಕೆಂದರೆ ಅರಣ್ಯ ಇಲಾಖೆ. ಕಾಫಿ ಮಂಡಳಿ ಇರುವುದು ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ. ಈ ಮೂವರ ಬಾಯಲ್ಲೂ ಒಂದೇ ಮಾತು ಬಂದದ್ದನ್ನು ನೀವು ಎಷ್ಟು ಸಲ ಕೇಳಿದ್ದೀರಿ? ಬರ್ಲಿನ್ನಿನ ಕಥೆಯೂ ಅದೇ.

ಯುರೋಪಿನ ಒಕ್ಕೂಟದ ಕೇಂದ್ರ ಬ್ರಸೆಲ್ಸ್. ಅಲ್ಲಿನ ಸಚಿವರ ಮಂಡಳಿಗೆ ಪ್ರತಿ ಸದಸ್ಯ ದೇಶದಿಂದ, ವಿಷಯ ಯಾವುದೋ ಆ ಖಾತೆಯ ಸಚಿವರು ಹೋಗುತ್ತಾರೆ. ಈ ನಿಯಮದ ಬಗ್ಗೆ 2022ರ ಜೂನ್‌ನಲ್ಲಿ ಒಮ್ಮತಕ್ಕೆ ಬಂದವರು ಪರಿಸರ ಸಚಿವರು. 2024ರ ಮಾರ್ಚ್‌ನಲ್ಲಿ ಅದೇ ನಿಯಮದ ವಿರುದ್ಧ ಆಸ್ಟ್ರಿಯಾ ಎತ್ತಿದ ಆಕ್ಷೇಪಕ್ಕೆ ಬಹುಪಾಲು ತಲೆದೂಗಿದವರು ಕೃಷಿ ಸಚಿವರು. ಸರ್ಕಾರಗಳು ಹೆಚ್ಚುಕಡಿಮೆ ಅವೇ, ಕುರ್ಚಿಯಲ್ಲಿ ಕೂತವರು ಬೇರೆ. ಆ ವರ್ಷದ ಸೆಪ್ಟೆಂಬರ್ ಹೊತ್ತಿಗೆ ಜರ್ಮನಿಯ ಕೃಷಿ ಸಚಿವ ಜೆಮ್ ಎಜ್ದೆಮಿರ್, ಚಾನ್ಸಲರ್ ಓಲಾಫ್ ಶೋಲ್ಜ್ ಇಬ್ಬರೂ ಜಾರಿಯನ್ನು ಮುಂದೂಡಲು ಕೇಳಿದರು.

ಜರ್ಮನಿಯಲ್ಲಿ ಈ ರೋಗ ಹಳೆಯದು. ಅಲ್ಲಿ ಸಮ್ಮಿಶ್ರ ಸರ್ಕಾರ ಸಾಮಾನ್ಯ. ಒಂದೊಂದು ಸಚಿವಾಲಯ ಒಂದೊಂದು ಪಕ್ಷದ ಕೈಯಲ್ಲಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಇಲಾಖೆಗಳಲ್ಲಿ ಒಮ್ಮತ ಮೂಡದಿದ್ದರೆ ಜರ್ಮನಿ ಮತ ಹಾಕದೆ ತಟಸ್ಥವಾಗುತ್ತದೆ. ಬ್ರಸೆಲ್ಸ್‌ನಲ್ಲಿ ಇದಕ್ಕೆ ‘ಜರ್ಮನ್ ಮತ’ ಎಂಬ ಅಡ್ಡಹೆಸರೇ ಇದೆ. ತಟಸ್ಥ ಎಂದರೆ ಯಾರಿಗೂ ನೋವಾಗದ ನಿಲುವು ಎಂದುಕೊಳ್ಳಬೇಡಿ. ಹೆಚ್ಚಿನ ಕಾನೂನುಗಳು ಗೆಲ್ಲಬೇಕಾದರೆ 27ರಲ್ಲಿ 15 ದೇಶಗಳು, ಜೊತೆಗೆ ಜನಸಂಖ್ಯೆಯ ಶೇಕಡ 65 ಪರವಾಗಿರಬೇಕು. ಎಂಟು ಕೋಟಿಗೂ ಮಿಕ್ಕಿದ ಜನರ ದೇಶ ಕೈಕಟ್ಟಿ ಕೂತರೆ ಅದು ಬೇಡ ಎಂದಂತೆಯೇ.

2023ರಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ವಿಷಯದಲ್ಲಿ ಇದು ಬೀದಿಗೇ ಬಂತು. 2035ರಿಂದ ಹೊಸ ಕಾರುಗಳು ಹೊಗೆ ಉಗುಳಬಾರದು ಎಂಬ ಕಾನೂನಿಗೆ ಯುರೋಪಿನ ಸಂಸತ್ತು ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತ್ತು. ಉಳಿದದ್ದು ಸಚಿವರ ಕೊನೆಯ ಅಂಕಿತ ಮಾತ್ರ. ಆಗ ಜರ್ಮನಿಯ ಸಾರಿಗೆ ಸಚಿವ ಫೋಲ್ಕರ್ ವಿಸ್ಸಿಂಗ್, ಕೃತಕ ಇಂಧನಕ್ಕೆ ವಿನಾಯಿತಿ ಬೇಕೆಂದು ಅಡ್ಡ ನಿಂತರು. ಅವರದೇ ಸಂಪುಟದ ಪರಿಸರ ಸಚಿವೆ ಮಾತ್ರ ಕಾನೂನಿನ ಪರ. ಮದುವೆ ಮಂಟಪದಲ್ಲಿ ವರನ ಚಿಕ್ಕಪ್ಪ ತಕರಾರು ತೆಗೆದಂತೆ! ಮಾರ್ಚ್ 28ರಂದು ಕೊರಳಿಗೆ ತಾಳಿ ಬಿತ್ತು, ಎಂದರೆ ಕಾನೂನಿಗೆ ಅಂಕಿತ ಬಿತ್ತು, ಚಿಕ್ಕಪ್ಪನ ಷರತ್ತಿಗೊಂದು ಭರವಸೆಯೂ ಸಿಕ್ಕಿತು.

ಫ್ರಾನ್ಸಿನಲ್ಲಿ ಮನೆಗೊಬ್ಬ ಯಜಮಾನನಿದ್ದಾನೆ. ಎರಡನೇ ಮಹಾಯುದ್ಧದ ನಂತರ ಅಮೆರಿಕ ಯುರೋಪಿಗೆ ಕೊಟ್ಟ ಮಾರ್ಷಲ್ ನೆರವಿನ ಹಣ ಹಂಚಲು 1948ರಲ್ಲಿ ಹುಟ್ಟಿದ ಒಂದು ಕಚೇರಿ ಈಗ ಪ್ರಧಾನಿಯ ಅಧೀನದಲ್ಲಿ ಯುರೋಪ್ ವ್ಯವಹಾರಗಳ ಪ್ರಧಾನ ಕಾರ್ಯಾಲಯವಾಗಿದೆ. ಇಲಾಖೆಗಳ ಜಗಳ ಏನಿದ್ದರೂ ಅಲ್ಲೇ ತೀರಬೇಕು. ಬ್ರಸೆಲ್ಸ್‌ನ ತಮ್ಮ ಪ್ರತಿನಿಧಿಗೆ ಸೂಚನೆ ಹೋಗುವುದು ಆ ಬಾಗಿಲಿನಿಂದಲೇ. ಶಿಸ್ತು ಚೆನ್ನ. ಆದರೆ ಏನು ಕೊಟ್ಟು ಏನು ತೆಗೆದುಕೊಂಡರು ಎಂಬುದು ಕಡತದೊಳಗೇ ಉಳಿಯುತ್ತದೆ. ಆ ಶಿಸ್ತಿನ ಬಗ್ಗೆ ನನಗೆ ಅಂಥ ಮೋಹವಿಲ್ಲ.

ನನ್ನ ಮನಸ್ಸಿಗೆ ಹಿಡಿಸಿದ್ದು ಡೆನ್ಮಾರ್ಕ್. ಅಲ್ಲಿ ವಿಷಯ ಮಹತ್ವದ್ದಾದರೆ ಸಚಿವರು ಬ್ರಸೆಲ್ಸ್‌ಗೆ ಹೊರಡುವ ಮೊದಲು ಸಂಸತ್ತಿನ ಯುರೋಪ್ ಸಮಿತಿಯ ಮುಂದೆ ತಮ್ಮ ನಿಲುವನ್ನು ಬಾಯಿಮಾತಿನಲ್ಲಿ ಇಡಬೇಕು. ಬಹುಮತ ಅದರ ವಿರುದ್ಧ ಇಲ್ಲದಿದ್ದರೆ ಮಾತ್ರ ಹೊರಡಬಹುದು. ಅಲ್ಪಮತದ ಸರ್ಕಾರಗಳೇ ಹೆಚ್ಚಿರುವ ದೇಶದಲ್ಲಿ ಇದು ಬರಿಯ ಶಾಸ್ತ್ರವಲ್ಲ. ಇಲಾಖೆಗಳು ಅಷ್ಟರೊಳಗೆ ತಮ್ಮ ತಮ್ಮಲ್ಲಿ ಮಾತು ಮುಗಿಸಿಕೊಂಡೇ ಬರಬೇಕು.

ಇನ್ನು ನಿಮ್ಮ ನಕ್ಷೆ. ಅದನ್ನು ಅಟ್ಟಕ್ಕೆ ಎಸೆಯಬೇಡಿ. 2024ರ ಡಿಸೆಂಬರ್ 30ಕ್ಕೆ ಬರಬೇಕಿದ್ದ ಜಾರಿ ಒಂದೊಂದು ವರ್ಷದಂತೆ ಎರಡು ಸಲ ಮುಂದೆ ಹೋಗಿದೆ, ರದ್ದಾಗಿಲ್ಲ. ನಮ್ಮ ಕಾಫಿಯ ದೊಡ್ಡ ಗಿರಾಕಿಗಳಾದ ಇಟಲಿ, ಜರ್ಮನಿಗಳು ಎರಡೂ ಆ ಒಕ್ಕೂಟದೊಳಗೇ ಇವೆ. ನಮ್ಮ ಕಡೆಯಿಂದ ಇಷ್ಟು: ಮುಂದಿನ ಸಂಚಿಕೆಯಿಂದ ‘ಜರ್ಮನಿ ಹೇಳಿತು’ ಎಂದು ಬರೆಯುವ ಮೊದಲು ಹೇಳಿದ್ದು ಯಾವ ಸಚಿವಾಲಯ ಎಂದು ಉಪಸಂಪಾದಕರನ್ನು ಕೇಳುತ್ತೇನೆ.