ಮಗನ ಫೋನಿಗೆ ಆ್ಯಪ್ ಹಾಕುವ ಮೊದಲು

ಧಾರವಾಡ ಬಿಟ್ಟು ಪುಣೆ ಪಕ್ಕದ ಹಿಂಜವಡಿಗೆ ಬರ್ತಿದ್ದೀರಿ, ಮಗನಿಗೆ 14 ವರ್ಷ. ಪುಣೆಯಲ್ಲಿ ಹುಡುಗರು ಗಾಂಜಾ ಚಟಕ್ಕೆ ಬೀಳ್ತಾರಂತೆ, ಅವನ ಫೋನಿಗೆ ಗುಟ್ಟಾಗಿ ಕಣ್ಗಾವಲು ಆ್ಯಪ್ ಹಾಕಲೇ ಅಂತ ಕೇಳಿದ್ದೀರಿ. ಬೇಡ ಸರ್.

ಊರಲ್ಲಾದರೆ ಹುಡುಗ ಓಣಿಯ ತುದಿಯಲ್ಲಿ ಸಿಗರೇಟು ಹಚ್ಚಿದ ಸುದ್ದಿ ಅವನಿಗಿಂತ ಮೊದಲೇ ಮನೆ ಸೇರುತ್ತದೆ. ಇಲ್ಲಿ ಎದುರು ಫ್ಲ್ಯಾಟಿನವರಿಗೂ ಅವನ ಹೆಸರು ಗೊತ್ತಿರುವುದಿಲ್ಲ. ಸುದ್ದಿ ತರುವವನು ಮಗನೊಬ್ಬನೇ. ಸ್ವೀಡನ್ನಿನ ಮನಶ್ಶಾಸ್ತ್ರ ಸಂಶೋಧಕರಾದ ಸ್ಟಾಟಿನ್ ಮತ್ತು ಕೆರ್ 2000ದಲ್ಲಿ ಕಂಡುಕೊಂಡದ್ದೂ ಇದೇ: ಹೆತ್ತವರಿಗೆ ತಿಳಿದಿರುವುದರಲ್ಲಿ ಹೆಚ್ಚಿನದು ಮಕ್ಕಳು ತಾವಾಗಿ ಹೇಳಿದ್ದು, ಕೆದಕಿ ತೆಗೆದದ್ದಲ್ಲ. ಆ್ಯಪ್ ಅವನ ಕಣ್ಣಿಗೆ ಬಿದ್ದ ದಿನ ಹೇಳುವುದು ನಿಲ್ಲುತ್ತದೆ.

ಹಾಗಂತ ಲಗಾಮು ಬಿಡಬೇಡಿ. ಮೂರ್ನಾಲ್ಕೇ ನಿಯಮ ಸಾಕು, ಕಾರಣ ಹೇಳಿ ಹಾಕಿ. ಅಪ್ಪ ಬೇಡ ಅಂದದ್ದಕ್ಕೆ ಅಮ್ಮ ಹೂಂ ಅನ್ನಬಾರದು. ಶಾಲೆ ಬಿಟ್ಟಾಗಿನಿಂದ ನೀವು ಟ್ರಾಫಿಕ್ ದಾಟಿ ಮನೆ ಮುಟ್ಟುವವರೆಗಿನ ಹೊತ್ತೇ ಅಪಾಯದ್ದು. ಅಲ್ಲಿ ಒಂದು ಆಟವನ್ನೋ ಕ್ಲಾಸನ್ನೋ ಕೂರಿಸಿ. ಮರಾಠಿ ಬಾರದ ಹೊಸ ಹುಡುಗ, ಮೊದಲು ಕರೆದ ಗುಂಪಿಗೇ ಸೇರಿಬಿಡ್ತಾನೆ. ಕೈಖರ್ಚು ವಾರವಾರ ಕೊಡಿ, ತಿಂಗಳದ್ದು ಒಟ್ಟಿಗೆ ಬೇಡ. ಎಲ್ಲಕ್ಕಿಂತ ಕೆಲಸಕ್ಕೆ ಬರುವ ಮಾತು ಇದು: 'ಎಲ್ಲಿ ಸಿಕ್ಕಿಕೊಂಡಿದ್ದರೂ ಫೋನ್ ಮಾಡು, ಬಂದು ಕರ್ಕೊಂಡು ಹೋಗ್ತೀವಿ. ಆ ರಾತ್ರಿ ಬೈಗುಳ ಇಲ್ಲ, ಮಾತು ಬೆಳಿಗ್ಗೆ.' ಒಮ್ಮೆ ಮಾತು ತಪ್ಪಿದಿರೋ, ಎರಡನೇ ಸಲ ಫೋನ್ ಬರುವುದಿಲ್ಲ.

ಸ್ಕೂಟರ್ ಕೀಲಿ ಮಾತ್ರ ಕೊಡಲೇಬೇಡಿ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. 2024ರಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ 17ರ ಹುಡುಗನ ಕಾರಿಗೆ ಸಿಕ್ಕಿ ಇಬ್ಬರು ಸತ್ತ ಮೇಲೆ ಇಲ್ಲಿ ಯಾರೂ ಇದನ್ನು ಹಗುರಾಗಿ ತಗೊಳ್ಳುವುದಿಲ್ಲ.

ಕಣ್ಣು ಕೆಂಪಾದ ಮಾತ್ರಕ್ಕೆ ಜೇಬು ತಡಕಬೇಡಿ. ನಿದ್ದೆ, ಗೆಳೆಯರು, ಅಂಕ, ಮನೆಯ ದುಡ್ಡು, ಇವು ಕೆಲವೇ ವಾರಗಳಲ್ಲಿ ಒಟ್ಟಿಗೇ ಏರುಪೇರಾದರೆ ಕೂತು ಕೇಳಿ. ಪೆನ್‌ಡ್ರೈವ್‌ನಂತೆ ಕಾಣುವ ಇ-ಸಿಗರೇಟೂ ಇರುತ್ತದೆ, 2019ರಿಂದ ನಿಷೇಧವಿದ್ದರೂ. ಸಿಕ್ಕಿಬಿದ್ದರೆ ಹೊಡೆಯುವುದು, 'ಅಜ್ಜಿ ಮನೆಗೆ ಅಟ್ತೀನಿ' ಅನ್ನುವುದು ನಮ್ಮವರ ಹಳೇ ಮದ್ದು. ಆದರೆ ಚಟದ ಕಾರಣವೂ ಅವನ ಜೊತೆಗೇ ಬಸ್ ಹತ್ತುತ್ತದೆ.

ಪೊಲೀಸರ ಭಯಕ್ಕೆ ಮುಚ್ಚಿಡಬೇಡಿ. ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದರೆ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮಾದಕವಸ್ತು ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಪುಣೆಯ ಯರವಡಾದಲ್ಲಿ 1986ರಿಂದ ಮುಕ್ತಾಂಗಣ ಎಂಬ ಚಟ ಬಿಡಿಸುವ ಕೇಂದ್ರ ಇದೆ. ಯಾರನ್ನು ಕೇಳಬೇಕೆಂದೇ ತೋಚದಿದ್ದರೆ ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.