ಲೆಕ್ಕ ಸರಿ ಇದ್ದರೂ ಅಂಕ ಹೋಗುವುದು ಯಾಕೆ?

ಉತ್ತರ ಸರಿ ಇದ್ದರೂ ಗಣಿತದ ಪ್ರೂಫ್ (ಒಂದು ಮಾತು ಯಾವಾಗಲೂ ನಿಜ ಅಂತ ತೋರಿಸುವ ಬರಹ) ಪಕ್ಕದಲ್ಲಿ 'ಸ್ಪಷ್ಟವಾಗಿಲ್ಲ' ಅಂತ ಬರೆದು ಅಂಕ ಕಳೆಯುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲ ವರ್ಷ ನನ್ನದೂ ಇದೇ ಗೋಳು.

ನೀವು ಕೊಟ್ಟ ಉದಾಹರಣೆಯನ್ನೇ ನೋಡೋಣ. ಎರಡು ಬೆಸ ಸಂಖ್ಯೆ ಕೂಡಿದರೆ ಸಮ ಸಂಖ್ಯೆ ಬರುತ್ತದೆ ಅಂತ ತೋರಿಸಬೇಕಿತ್ತು. ನೀವು ಬರೆದದ್ದು: (2ಕ + 1) + (2ಕ + 1) = 4ಕ + 2, ಆದ್ದರಿಂದ ಸಮ. ಎರಡೂ ಕಡೆ ಒಂದೇ 'ಕ' ಇದೆ, ಅಲ್ವಾ? ಹಾಗಾದರೆ ನೀವು ತೋರಿಸಿದ್ದು 3 + 3, 5 + 5 ಇಂಥವಕ್ಕೆ ಮಾತ್ರ. 3 + 7 ಹೊರಗೇ ಉಳಿಯಿತು. ಬೇಜಾರಾಗಬೇಡಿ, ಆದರೆ ಇಲ್ಲಿ ತಪ್ಪಿರುವುದು ಬರೀ ಬರವಣಿಗೆ ಅಲ್ಲ.

ಹೀಗೆ ಬರೆಯಬಹುದು: 'ಆ ಎರಡು ಸಂಖ್ಯೆಗಳು 2ಕ + 1 ಮತ್ತು 2ಮ + 1 ಆಗಿರಲಿ. ಇಲ್ಲಿ ಕ, ಮ ಪೂರ್ಣಾಂಕಗಳು. ಮೊತ್ತ 2(ಕ + ಮ + 1). ಕ + ಮ + 1 ಕೂಡ ಪೂರ್ಣಾಂಕವಾದ್ದರಿಂದ ಮೊತ್ತ ಸಮ.' ಯಾವ ಅಕ್ಷರ ಯಾರು ಅಂತ ಮೊದಲೇ ಪರಿಚಯ ಮಾಡಿಸಿದ್ದಕ್ಕೇ ಅರ್ಧ ಗೊಂದಲ ಹೋಯಿತು.

ಸಮ ಚಿಹ್ನೆಯ (=) ಬಗ್ಗೆಯೂ ಒಂದು ಮಾತು. 'ಇದು ಅದಕ್ಕೆ ಸಮ' ಅಂತ ಪದೇ ಪದೇ ಬರೆಯುವುದು ತಪ್ಪಲಿ ಅಂತ 1557ರಲ್ಲಿ ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ ಅದನ್ನು ತಂದರು. ನಾವು ಅದನ್ನು 'ಆಮೇಲೆ' ಅನ್ನುವ ಹಾಗೆ ಬಳಸುತ್ತೇವೆ: 3 + 4 = 7 × 2 = 14. ಅಂದರೆ 7 ಮತ್ತು 14 ಎರಡೂ ಒಂದೇ!

ಬರೆದದ್ದನ್ನು ಚಿಹ್ನೆಗಳ ಸಮೇತ ಗಟ್ಟಿಯಾಗಿ ಓದಿ. ವಾಕ್ಯ ತಡವರಿಸಿದ ಕಡೆ ಏನೋ ಬಿಟ್ಟುಹೋಗಿರುತ್ತದೆ. ಸುಮ್ನೆ 'ಇದು ಗೊತ್ತೇ ಇದೆ' ಅಂತ ಬರೆದ ಜಾಗದಲ್ಲೇ ನನ್ನ ತಪ್ಪುಗಳು ಜಾಸ್ತಿ ಸಿಕ್ಕಿದ್ದು.